ಕರೆಂಟ್ ಹೋದ್ರೆ ಏನ್ ಸಾರ್ ಗತಿ?

ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡು ನಿಂತರೆ ಸಾಕು, ಜನ ಬಂದು ಟಾಯ್ಲೆಟ್ ಎಲ್ಲಿದೆ ಅಂತ ಕೇಳುತ್ತಾರೆ. ಜನರನ್ನು ಸೀಟಿನಲ್ಲಿ ಕೂರಿಸಿ ಎತ್ತರದ ಕಂಬದ ತುದಿಗೆ ಒಯ್ದು ಒಮ್ಮೆಲೇ ಕೆಳಗೆ ಬಿಡುವ ಡ್ರಾಪ್ ಟವರ್ ಪಕ್ಕ ನಿಂತಾಗ ಮಾತ್ರ ಪ್ರಶ್ನೆ ಬೇರೆ. ತಲೆ ಎತ್ತಿ ಕಂಬದ ತುದಿ ನೋಡುತ್ತಾ, 'ಮೇಲೆ ಹೋದಾಗ ಕರೆಂಟ್ ಹೋದ್ರೆ ಏನ್ ಸಾರ್ ಗತಿ?' ಅನ್ನುತ್ತಾರೆ. ರೈಡ್‌ಗಳನ್ನು ತಪಾಸಣೆ ಮಾಡುವುದೇ ನನ್ನ ಕಸುಬು. ಹದಿನೇಳು ವರ್ಷದಲ್ಲಿ ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಒಳ್ಳೆಯ ಟವರ್ ಆದರೆ ಕರೆಂಟ್ ಹೋದರೂ ಬ್ರೇಕು ಕೈಕೊಡುವುದಿಲ್ಲ. ನನಗೆ ಭಯ ಇರುವುದು ಬೇರೆ ಕಡೆ. ಅದಕ್ಕೆ ಆಮೇಲೆ ಬರುತ್ತೇನೆ.

ನಲವತ್ತು ದಾಟಿದವರಿಗೆ ಮನೆಯ ಜಗಲಿಯಲ್ಲಿದ್ದ ಹಳೇ ಕೆಇಬಿ ಮೀಟರ್ ನೆನಪಿರಬೇಕು. ಗಾಜಿನ ಹಿಂದೆ ಒಂದು ಅಲ್ಯೂಮಿನಿಯಂ ತಟ್ಟೆ ಸುತ್ತುತ್ತಿತ್ತು. ಇಸ್ತ್ರಿಪೆಟ್ಟಿಗೆ ಹಾಕಿದರೆ ಓಡೋದು, ತೆಗೆದರೆ ತಕ್ಷಣ ನಿಧಾನ ಆಗೋದು. ಆ ತಟ್ಟೆ ಬುಗುರಿಯ ಹಾಗೆ ಅಂಕೆ ತಪ್ಪಿ ತಿರುಗದಂತೆ ಹಿಡಿದಿಟ್ಟಿದ್ದು ಒಂದು ಸಣ್ಣ ಅಯಸ್ಕಾಂತ. ಅದು ತಟ್ಟೆಯ ಅಂಚನ್ನು ಮುಟ್ಟುತ್ತಲೂ ಇರಲಿಲ್ಲ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಆದರೆ ಅಯಸ್ಕಾಂತದ ಎದುರು ಚಲಿಸಿದರೆ ಆ ಲೋಹದೊಳಗೇ ನೀರಿನ ಸುಳಿಯಂತೆ ಸಣ್ಣ ಸಣ್ಣ ವಿದ್ಯುತ್ ಸುಳಿಗಳು ಏಳುತ್ತವೆ. ಆ ಸುಳಿಗಳು ಚಲನೆಯನ್ನು ಹಿಂದಕ್ಕೆ ಜಗ್ಗುತ್ತವೆ.

ಡ್ರಾಪ್ ಟವರಿನ ಬ್ರೇಕೂ ಇದೇ. ಸೀಟುಗಳನ್ನು ಜೋಡಿಸಿರುವ ಬಂಡಿಯ ಬೆನ್ನಿಗೆ ಬಲವಾದ ಕಾಯಂ ಅಯಸ್ಕಾಂತಗಳು, ಕಂಬದ ಕೆಳಭಾಗದಲ್ಲಿ ತಾಮ್ರದ್ದೋ ಅಲ್ಯೂಮಿನಿಯಂನದ್ದೋ ಉದ್ದನೆಯ ಪಟ್ಟಿಗಳು. ಕೆಲವು ಕಂಪನಿಗಳು ಇದನ್ನೇ ಉಲ್ಟಾ ಜೋಡಿಸುತ್ತವೆ. ಬಂಡಿ ಬೀಳುತ್ತಾ ಬಂದು ಆ ಪಟ್ಟಿಗಳ ನಡುವೆ ನುಗ್ಗಿದಾಗ ಯಾವುದೂ ಯಾವುದನ್ನೂ ಮುಟ್ಟುವುದಿಲ್ಲ. ಸವೆಯುವ ಬ್ರೇಕ್ ಪ್ಯಾಡ್ ಇಲ್ಲ, ಸೋರುವ ಎಣ್ಣೆ ಇಲ್ಲ, ಯಾರೂ ಬಟನ್ ಒತ್ತಬೇಕಾಗಿಲ್ಲ. ಕರೆಂಟ್ ಬೇಕಿರುವುದು ಮೇಲಕ್ಕೆ ಎಳೆಯುವುದಕ್ಕೆ. ಅದೂ ಮಧ್ಯದಲ್ಲಿ ಹೋಯಿತು ಅನ್ನಿ, ಬಂಡಿ ಇದ್ದಲ್ಲೇ ನಿಲ್ಲುತ್ತದೆ ಅಥವಾ ನಿಧಾನವಾಗಿ ಇಳಿಯುತ್ತದೆ. ಒಂದು ಹತ್ತು ನಿಮಿಷ ಮೇಲೆ ಕೂತು ಊರು ನೋಡಬೇಕಾಗಬಹುದು, ಅಷ್ಟೇ.

ಈ ಬ್ರೇಕಿಗೆ ಒಂದು ಸ್ವಭಾವ ಇದೆ. ವೇಗ ಇದ್ದಷ್ಟು ಹಿಡಿತ. ವೇಗ ಇಳಿದ ಹಾಗೆ ಹಿಡಿತವೂ ಸಡಿಲ. ಹಾಗಾಗಿ ಅದು ಬಂಡಿಯನ್ನು ಪೂರ್ತಿ ನಿಲ್ಲಿಸಲಾರದು. ಕೊನೆಯ ಒಂದೆರಡು ಮೀಟರ್ ಬಂಡಿ ನಡೆದುಕೊಂಡು ಬಂದ ಹಾಗೆ ಬಂದು ಕೆಳಗಿನ ಬಫರ್ ಮೇಲೆ ಮೆತ್ತಗೆ ಕೂರುತ್ತದೆ. 'ಕೊನೇಲಿ ಸ್ಲೋ ಮಾಡ್ಬಿಟ್ರು, ಮಜಾ ಹೋಯ್ತು' ಅಂತ ಹುಡುಗರು ಗೊಣಗುತ್ತಾರಲ್ಲ, ಅದನ್ನು ಯಾರೂ ಮಾಡಿದ್ದಲ್ಲ. ಅಯಸ್ಕಾಂತದ ಗುಣವೇ ಅದು.

ಲೆಕ್ಕ ಹಾಕಿ ನೋಡೋಣ. 40 ಮೀಟರ್ ಟವರ್ ಅಂದುಕೊಳ್ಳಿ, ಅದರಲ್ಲಿ 25 ಮೀಟರ್ ಪೂರ್ತಿ ಬೀಳುವುದು. ಅದಕ್ಕೆ ಹಿಡಿಯುವ ಸಮಯ 2.3 ಸೆಕೆಂಡ್‌ಗಿಂತ ಸ್ವಲ್ಪ ಕಡಿಮೆ. ಅಷ್ಟರಲ್ಲಿ ವೇಗ ಗಂಟೆಗೆ 80 ಕಿ.ಮೀ. ಆಗಿರುತ್ತದೆ. ನಂತರದ 12 ಮೀಟರ್‌ನಲ್ಲಿ ಬ್ರೇಕು ಅದನ್ನೆಲ್ಲ ನುಂಗಬೇಕು. ಆ ಹೊತ್ತಿನಲ್ಲಿ 60 ಕೆ.ಜಿ. ಇರುವವರಿಗೆ ತಾವು 180 ಕೆ.ಜಿ. ಆದ ಹಾಗೆ ಭಾಸವಾಗುತ್ತದೆ. ಬೆನ್ನು, ಕುತ್ತಿಗೆ ತೊಂದರೆ ಇದ್ದವರು, ಬಸುರಿಯರು, ಹೃದಯದ ಕಾಯಿಲೆ ಇದ್ದವರು ಬೇಡ ಅಂತ ಬೋರ್ಡ್ ಹಾಕಿರುವುದು ಈ ಕೊನೆಯ ಘಟ್ಟಕ್ಕಾಗಿಯೇ. ಬೀಳುವಾಗ ಬೆನ್ನಿಗೆ ಭಾರವೇ ಇರುವುದಿಲ್ಲ. ನಿಲ್ಲುವಾಗ ಇಡೀ ಮೈ ಅದರ ಮೇಲೆ ಕೂರುತ್ತದೆ.

ಮತ್ತೆ ಆ ಜೀವ ಬಾಯಿಗೆ ಬಂದ ಹಾಗಾಗುವುದು? ನಿಂತಾಗ, ಕೂತಾಗ ನಮ್ಮ ಕರುಳು, ಜಠರ ಎಲ್ಲ ತಮ್ಮ ಭಾರಕ್ಕೆ ಕೆಳಗೆ ಜೋತುಬಿದ್ದಿರುತ್ತವೆ. ಸೀಟಿನ ಜೊತೆಗೆ ಅವೂ ಬೀಳತೊಡಗಿದರೆ ಆ ಜಗ್ಗಾಟ ತಟ್ಟನೆ ತಪ್ಪಿಹೋಗುತ್ತದೆ. ಮಿದುಳಿಗೆ ಅದು ಹೊಸ ಸುದ್ದಿ. ಜೋಕಾಲಿಯಲ್ಲಿ ಮೇಲಿಂದ ಹಿಂದಕ್ಕೆ ಬರುವಾಗ ಹೊಟ್ಟೆ ಜುಂ ಅನ್ನುತ್ತದಲ್ಲ, ಅದರದ್ದೇ ದೊಡ್ಡಣ್ಣ ಇದು. ಜರ್ಮನಿಯ ಬ್ರೆಮೆನ್‌ನಲ್ಲಿ ಇದೇ ಭಾರವಿಲ್ಲದ ಸ್ಥಿತಿಗಾಗಿ ವಿಜ್ಞಾನಿಗಳೇ ಒಂದು ಟವರ್ ಕಟ್ಟಿಕೊಂಡಿದ್ದಾರೆ. 146 ಮೀಟರ್ ಎತ್ತರ. ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು ಪ್ರಯೋಗದ ಡಬ್ಬಿಯನ್ನು ಬೀಳಿಸುತ್ತಾರೆ. ಅಷ್ಟೆಲ್ಲ ಮಾಡಿ ಅವರಿಗೆ ಸಿಗುವುದು 4.74 ಸೆಕೆಂಡ್. ನಾವು ಪಾರ್ಕ್ ಟಿಕೆಟಿನಲ್ಲೇ ಅದರ ಅರ್ಧದಷ್ಟು ಅನುಭವಿಸಿ ಬರುತ್ತೇವೆ, ಅಲ್ವಾ?

ಎಲ್ಲ ಟವರೂ ಹೀಗೆ ಸುಮ್ನೆ ಬೀಳಿಸುವುದಿಲ್ಲ ಅನ್ನುವುದನ್ನೂ ಹೇಳಬೇಕು. ಕೆಲವು ಗಾಳಿಯ ಒತ್ತಡದಿಂದ ನಡೆಯುತ್ತವೆ. ಕಂಬದೊಳಗಿನ ಸಿಲಿಂಡರಿಗೆ ಗಾಳಿ ತುಂಬಿ ಸೀಟುಗಳನ್ನು ಮೇಲಕ್ಕೆ ಚಿಮ್ಮಿಸುತ್ತವೆ, ಇಲ್ಲವೇ ಮೇಲಿಂದ ಕೆಳಕ್ಕೆ ತಳ್ಳುತ್ತವೆ. ಲಾಸ್ ವೇಗಸ್‌ನ ಸ್ಟ್ರಾಟೋಸ್ಫಿಯರ್ ಟವರಿನ ನೆತ್ತಿಯ ಮೇಲೆ 1996ರಿಂದ ಇರುವ ಬಿಗ್ ಶಾಟ್ ಈ ಜಾತಿಯದ್ದು. ಫ್ಲಾರಿಡಾದ ಡಿಸ್ನಿಯಲ್ಲಿ 1994ರಲ್ಲಿ ಶುರುವಾದ ಟವರ್ ಆಫ್ ಟೆರರ್ ಅಂತೂ ಲಿಫ್ಟೇ, ಓಟಿಸ್ ಕಂಪನಿಯದ್ದು. ಅಲ್ಲಿ ಮೋಟರು ಲಿಫ್ಟನ್ನು ತಾನಾಗಿ ಬೀಳುವುದಕ್ಕಿಂತ ಜೋರಾಗಿ ಕೆಳಕ್ಕೆ ಎಳೆಯುತ್ತದೆ. ಇವೆಲ್ಲದರ ಹಿರಿಯಜ್ಜ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಇನ್ನೂ ನಿಂತಿದೆ. 1939ರ ವರ್ಲ್ಡ್ಸ್ ಫೇರ್‌ಗೆ ಕಟ್ಟಿದ 250 ಅಡಿಯ ಪ್ಯಾರಾಶೂಟ್ ಜಂಪ್ ಅದು. ಸೈನಿಕರಿಗೆ ಪ್ಯಾರಾಶೂಟ್ ತರಬೇತಿ ಕೊಡಲು ಒಬ್ಬ ನೌಕಾಪಡೆ ಅಧಿಕಾರಿ ಮಾಡಿದ ಉಪಾಯ, ಜನರ ಆಟವಾಗಿಬಿಟ್ಟಿತು. ಈಗ ಓಡುವುದಿಲ್ಲ, ಬರೀ ನೋಡಬಹುದು.

ಆಮೇಲೆ ಎತ್ತರದ ಪೈಪೋಟಿ ಶುರುವಾಯಿತು. 1998ರಲ್ಲಿ ಸೋಲ್ ನಗರದ ಲೊಟ್ಟೆ ವರ್ಲ್ಡ್‌ನಲ್ಲಿ 70 ಮೀಟರ್. ಅದೇ ವರ್ಷ ಆಸ್ಟ್ರೇಲಿಯಾದ ಡ್ರೀಮ್‌ವರ್ಲ್ಡ್‌ನಲ್ಲಿ ಹತ್ತಿರ ಹತ್ತಿರ 120. 2014ರಲ್ಲಿ ನ್ಯೂಜೆರ್ಸಿಯಲ್ಲಿ 126. 2021ರ ಕೊನೆಗೆ ಫ್ಲಾರಿಡಾದ ಆರ್ಲ್ಯಾಂಡೊದಲ್ಲಿ 131 ಮೀಟರ್, ಅಂದರೆ 430 ಅಡಿ.

ಈ ಕೊನೆಯದರ ಬಗ್ಗೆ ಮಾತಾಡಬೇಕು. 2022ರ ಮಾರ್ಚ್ 24ರ ರಾತ್ರಿ ಅಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬ ಸೀಟಿನಿಂದ ಜಾರಿ ಬಿದ್ದು ಸತ್ತುಹೋದ. ಕಂಬ ಗಟ್ಟಿಯಾಗಿತ್ತು. ಹಗ್ಗ ತುಂಡಾಗಿರಲಿಲ್ಲ. ಬ್ರೇಕ್ ತನ್ನ ಕೆಲಸ ಮಾಡಿತು, ಮಾಡುತ್ತಿರುವಾಗಲೇ ಅವನು ಜಾರಿದ. ಹುಡುಗ ಎತ್ತರದ, ದಪ್ಪ ಆಳು. ರೈಡಿನ ಮ್ಯಾನ್ಯುಯಲ್‌ನಲ್ಲಿದ್ದ ತೂಕದ ಮಿತಿ 130 ಕೆ.ಜಿ.ಗೂ ಮೀರಿದ್ದ. ಅಂಥವರ ಎದೆಯ ಮೇಲೆ ಹಾರ್ನೆಸ್, ಅಂದರೆ ಭುಜದ ಮೇಲಿಂದ ಎಳೆದುಕೊಳ್ಳುವ ಕಂಬಿ, ಪೂರ್ತಿ ಕೆಳಗೆ ಬರುವುದಿಲ್ಲ. ಬಾರದಿದ್ದರೆ ಸೆನ್ಸರ್ 'ಲಾಕ್ ಆಗಿಲ್ಲ' ಅನ್ನಬೇಕು, ರೈಡ್ ಶುರುವಾಗಬಾರದು. ಆದರೆ ಆ ಸೀಟಿನ ಸೆನ್ಸರನ್ನು ಯಾರೋ ಕೈಯಾರೆ ಸರಿಸಿದ್ದರು ಅನ್ನುವುದು ತನಿಖೆಯಲ್ಲಿ ಬಯಲಾಯಿತು. ಹಾರ್ನೆಸ್ ಮತ್ತು ಸೀಟಿನ ನಡುವೆ ಇರಬೇಕಾದ್ದರ ಸುಮಾರು ಎರಡರಷ್ಟು ಸಂದು ಇದ್ದರೂ ದೀಪ ಹಸಿರಾಗಿಯೇ ಉರಿಯಿತು. ಕಾಲ ನಡುವೆ ಬೆಲ್ಟೂ ಇರಲಿಲ್ಲ. ಆಮೇಲೆ ಆ ಟವರನ್ನೇ ಬಿಚ್ಚಿ ಹಾಕಿದರು.

ನನ್ನ ಭಯ ಇರುವುದು ಇಲ್ಲಿ. ಬಿದ್ದ ಬಂಡಿಯನ್ನು ನಿಲ್ಲಿಸುವ ಕೆಲಸ ಅಯಸ್ಕಾಂತ ನೋಡಿಕೊಳ್ಳುತ್ತದೆ, ಅದಕ್ಕೆ ಯಾರ ಮುಲಾಜೂ ಇಲ್ಲ. ಜನರನ್ನು ಸೀಟಿನಲ್ಲಿ ಹಿಡಿದಿಡುವ ಕೆಲಸದಲ್ಲಿ ಮನುಷ್ಯರ ಕೈ ಇದೆ. ಅಲ್ಲಿ ಮುಲಾಜು, ಕ್ಯೂ, ಕಲೆಕ್ಷನ್ ಎಲ್ಲ ಬರುತ್ತವೆ.

ಕೆಲವು ವರ್ಷಗಳ ಹಿಂದೆ ಒಂದು ಊರಿನ ಎಕ್ಸಿಬಿಷನ್‌ಗೆ ತಪಾಸಣೆಗೆ ಹೋಗಿದ್ದೆ. ಊರಿನ ಹೆಸರು ಬೇಡ. ಹನ್ನೆರಡು ಸೀಟಿನ ಸಣ್ಣ ಟವರ್. ಖಾಲಿ ಸೀಟುಗಳ ಹಾರ್ನೆಸ್ ಎಲ್ಲ ಮೇಲೆತ್ತಿ ಕಂಟ್ರೋಲ್ ಪ್ಯಾನೆಲ್ ನೋಡಿದೆ. ಹನ್ನೊಂದು ಕೆಂಪು ದೀಪ ಉರಿಯಬೇಕಾದಂತೆ ಉರಿಯುತ್ತಿದ್ದವು. ಏಳನೇ ಸೀಟು ಹಸಿರು! ಹಾರ್ನೆಸ್ ಆಕಾಶ ನೋಡುತ್ತಿದೆ, ದೀಪ ಮಾತ್ರ ಲಾಕ್ ಆಗಿದೆ ಅನ್ನುತ್ತಿದೆ. ಸೀಟಿನ ಹಿಂದಿನ ಮುಚ್ಚಳ ಬಿಚ್ಚಿಸಿದೆ. ಒಳಗೆ ಸೆನ್ಸರಿನ ಮೂತಿಗೆ ಒಂದು ಕಬ್ಬಿಣದ ನಟ್ಟನ್ನು ಎಂ-ಸೀಲ್ ಹಾಕಿ ಅಂಟಿಸಿದ್ದರು. ಎದುರಿಗೆ ಲೋಹ ಬಂದರೆ ಆ ಸೆನ್ಸರ್ ಲಾಕ್ ಆಯಿತು ಅಂತ ತಿಳಿಯುತ್ತದೆ. ನಟ್ಟು ಸದಾ ಎದುರಿಗೇ ಇದೆಯಲ್ಲ, ಅದರ ಪಾಲಿಗೆ ಸೀಟು ಸದಾ ಲಾಕ್.

'ಇದ್ಯಾರಪ್ಪ ಮಾಡಿದ್ದು?' ಅಂದೆ.

ಆಪರೇಟರ್ ಇಪ್ಪತ್ತೆರಡರ ಹುಡುಗ. ಮುಚ್ಚಿಡಲಿಲ್ಲ. 'ಅದು ಪದೇ ಪದೇ ಕೆಂಪು ತೋರ್ಸೋದು ಸಾರ್. ಶನಿವಾರ, ಭಾನುವಾರ ಜನ ಬೈತಾರೆ. ಸೀಟು ಖಾಲಿ ಬಿಟ್ರೆ ಓನರ್ರೂ ಬೈತಾರೆ. ಲಾಕೇನೋ ಚೆನ್ನಾಗೈತೆ ಸಾರ್, ನಾನೇ ಎಳೆದು ನೋಡೇ ಬಿಡೋದು.'

ಅವನು ಹೇಳಿದ್ದು ನಿಜ. ಆ ದಿನ ಲಾಕ್ ಚೆನ್ನಾಗಿಯೇ ಇತ್ತು. ಸೆನ್ಸರ್ ತನ್ನ ಜಾಗದಿಂದ ಸ್ವಲ್ಪ ಹಿಂದಕ್ಕೆ ಸರಿದಿತ್ತು, ಅಷ್ಟೇ. ಆದರೆ ನಾಳೆ ಲಾಕೇ ಹಾಳಾದರೂ ಆ ದೀಪ ಹಸಿರಾಗಿಯೇ ಇರುತ್ತಿತ್ತು. ಟವರ್ ನಿಲ್ಲಿಸಿದೆ. ಸೆನ್ಸರನ್ನು ಸರಿಯಾಗಿ ಕೂರಿಸಿ, ಎಲ್ಲ ಸೀಟುಗಳನ್ನೂ ಒಂದೊಂದಾಗಿ ಪರೀಕ್ಷೆ ಮಾಡಿದ ಮೇಲೆ ಮೂರನೇ ದಿನ ಬಿಟ್ಟೆವು. ಆ ನಟ್ಟು ಈಗಲೂ ನನ್ನ ಮೇಜಿನ ಮೇಲಿದೆ. ಹೊಸಬರಿಗೆ ತರಬೇತಿ ಕೊಡುವಾಗ ಮೊದಲು ಅದನ್ನು ಕೈಗೆ ಕೊಟ್ಟು, ಇದೇನು ಅಂತ ಕೇಳುತ್ತೇನೆ.

ಹಗ್ಗದ ವಿಷಯವನ್ನೂ ಬಿಡುವ ಹಾಗಿಲ್ಲ. ಬಂಡಿಯನ್ನು ಮೇಲಕ್ಕೆ ಒಯ್ಯುವುದು ಉಕ್ಕಿನ ರೋಪ್. 2007ರ ಜೂನ್‌ನಲ್ಲಿ ಅಮೆರಿಕದ ಕೆಂಟಕಿಯಲ್ಲಿ ಒಂದು ಡ್ರಾಪ್ ಟವರಿನ ರೋಪ್ ತುಂಡಾಗಿ ಸೀಟಿನಲ್ಲಿದ್ದವರ ಮೇಲೆ ಬಂದು ಬಿತ್ತು. ಹದಿಮೂರು ವರ್ಷದ ಹುಡುಗಿಯೊಬ್ಬಳ ಎರಡೂ ಪಾದ ತುಂಡಾದವು. ರೋಪ್ ಒಂದೇ ಏಟಿಗೆ ತುಂಡಾಗುವುದು ಅಪರೂಪ. ಮೊದಲು ಅದರ ಹೊರಗಿನ ತಂತಿಗಳು ಒಂದೊಂದಾಗಿ ಮುರಿದು ಮುಳ್ಳಿನಂತೆ ಎದ್ದು ನಿಲ್ಲುತ್ತವೆ. ಅದಕ್ಕೇ ರೋಪ್ ನೋಡುವಾಗ ನಮ್ಮ ಮುಖ್ಯ ಸಾಧನ ಹಳೇ ಹತ್ತಿ ಬಟ್ಟೆ. ರೋಪಿಗೆ ಸುತ್ತಿ ಹಿಡಿದು ನಿಧಾನವಾಗಿ ಸಾಗಿಸಿದರೆ, ಮುರಿದ ತಂತಿ ಇದ್ದಲ್ಲಿ ಬಟ್ಟೆ ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ ಎಷ್ಟು ತಂತಿ ಹೋಗಿವೆ ಅಂತ ಎಣಿಸುತ್ತೇವೆ, ದಪ್ಪ ಎಷ್ಟು ಕಡಿಮೆ ಆಗಿದೆ ಅಂತ ವರ್ನಿಯರ್‌ನಲ್ಲಿ ಅಳೆಯುತ್ತೇವೆ. ಮಿತಿ ದಾಟಿದರೆ ರೋಪ್ ಬದಲಾಯಿಸಲೇಬೇಕು. ಗ್ರೀಸ್ ದಪ್ಪಗೆ ಬಳಿದು ಹೊಳೆಯುವ ರೋಪ್ ಕಂಡರೆ ನನಗೆ ಅನುಮಾನ ಜಾಸ್ತಿ. ಒರೆಸಿದ ಮೇಲೆಯೇ ಅದರ ನಿಜ ಮುಖ ಕಾಣುವುದು.

ಊರಿಂದ ಊರಿಗೆ ಲಾರಿಯಲ್ಲಿ ಹೋಗುವ ಜಾತ್ರೆ, ಎಕ್ಸಿಬಿಷನ್ ಟವರ್‌ಗಳನ್ನು ಪಾರ್ಕಿನ ಟವರ್ ಜೊತೆ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಪಾರ್ಕಿನದ್ದು ಕಾಂಕ್ರೀಟಿನ ಪಾಯದ ಮೇಲೆ ಬೋಲ್ಟ್ ಹಾಕಿ ನಿಂತಿರುತ್ತದೆ. ಜಾತ್ರೆಯದ್ದು ಮೈದಾನದ ಮಣ್ಣಿನ ಮೇಲೆ, ಮರದ ದಿಮ್ಮಿಗಳನ್ನು ಕೊಟ್ಟು ಮಟ್ಟ ಮಾಡಿದ ಚೌಕಟ್ಟಿನ ಮೇಲೆ. ರಾತ್ರಿ ಮಳೆ ಬಂದರೆ ಬೆಳಿಗ್ಗೆ ದಿಮ್ಮಿ ಒಂದು ಕಡೆ ಇಳಿದಿರಬಹುದು. ಎಷ್ಟೋ ಕಡೆ ಅಯಸ್ಕಾಂತದ ಬ್ರೇಕೇ ಇರುವುದಿಲ್ಲ. ಬಂಡಿ ಇಳಿಯುವುದೂ ಏರುವುದೂ ರೋಪು ಮತ್ತು ಅದನ್ನು ಸುತ್ತುವ ವಿಂಚ್ ಯಂತ್ರದ ಮೇಲೆಯೇ. 2022ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಮೊಹಾಲಿಯ ಮೇಳವೊಂದರಲ್ಲಿ ಇಂಥ ಟವರಿನ ಬಂಡಿ ಸುಮಾರು 50 ಅಡಿ ಮೇಲಿಂದ ಬಂದು ನೆಲಕ್ಕೆ ಅಪ್ಪಳಿಸಿತು, ಹತ್ತಕ್ಕೂ ಹೆಚ್ಚು ಜನರಿಗೆ ಗಾಯವಾಯಿತು. ಆ ವಿಡಿಯೊ ನೀವೂ ನೋಡಿರಬಹುದು. ಕರೆಂಟ್ ಪ್ರಶ್ನೆಯನ್ನು ಅಲ್ಲಿ ಕೇಳಿದರೆ ತಪ್ಪಿಲ್ಲ. 'ಬ್ರೇಕು ಮ್ಯಾಗ್ನೆಟ್‌ದಾ?' ಅಂತಲೂ ಕೇಳಿ. ಉತ್ತರ ತಡವರಿಸಿದರೆ ಪಕ್ಕದಲ್ಲಿ ಮಿರ್ಚಿ ಬಜ್ಜಿ ಅಂಗಡಿ ಇದ್ದೇ ಇರುತ್ತದೆ.

ಇನ್ನು ಎತ್ತರ ಅಳೆಯುವ ಕೋಲಿನ ಜಗಳ. ಇದು ಪ್ರತಿ ಭಾನುವಾರ ನಡೆಯುತ್ತದೆ. ಎರಡು ಬೆರಳು ಕಡಿಮೆ ಬಿದ್ದ ಮಗಳನ್ನು ಮುಂದೆ ನಿಲ್ಲಿಸಿಕೊಂಡು ಅಪ್ಪ, 'ಅಣ್ಣಾ, ಒಂದೇ ಒಂದು ಸಲ ಬಿಟ್ಬಿಡಿ, ಅವಳಿಗೇನೂ ಭಯ ಇಲ್ಲ' ಅನ್ನುತ್ತಾರೆ. ಜುಟ್ಟು ಮೇಲೆತ್ತಿ ಕಟ್ಟಿಸಿಕೊಂಡು ಬಂದವರನ್ನು, ಮಗುವಿನ ಶೂ ಒಳಗೆ ಕರ್ಚೀಫು ಮಡಚಿಟ್ಟವರನ್ನೂ ನೋಡಿದ್ದೇನೆ. ಮಗುವಿಗೆ ಭಯ ಇದೆಯೋ ಇಲ್ಲವೋ ಆ ಕೋಲಿಗೆ ಬೇಕಿಲ್ಲ. ಹಾರ್ನೆಸ್ ಭುಜದ ಮೇಲೆ ಸರಿಯಾಗಿ ಕೂರಬೇಕು, ಸೊಂಟ ಕೆಳಗೆ ಜಾರುವಷ್ಟು ಜಾಗ ಉಳಿಯಬಾರದು. ಕೋಲು ಅಳೆಯುವುದು ಅದನ್ನು. ತೀರಾ ದಪ್ಪ ಇರುವವರನ್ನು ವಾಪಸ್ ಕಳಿಸುವುದೂ ಇದೇ ಕಾರಣಕ್ಕೆ. ಅವರಿಗೆ ಅವಮಾನ ಆಗುತ್ತದೆ, ನಿಜ. ಅದಕ್ಕೆ ಕ್ಯೂ ಶುರುವಾಗುವ ಜಾಗದಲ್ಲೇ ಒಂದು ಮಾದರಿ ಸೀಟು ಇಡಿ, ಕೂತು ನೋಡಿಕೊಳ್ಳಲಿ ಅಂತ ನಾನು ಪಾರ್ಕಿನವರಿಗೆ ಹೇಳುತ್ತಲೇ ಇರುತ್ತೇನೆ. ಒಂದು ಗಂಟೆ ನಿಂತು, ಎಲ್ಲರ ಎದುರು ಸೀಟಿನಿಂದ ಇಳಿಸಿಕೊಳ್ಳುವ ಕಷ್ಟವಾದರೂ ತಪ್ಪುತ್ತದೆ.

ನೀವು ಕೂರುವಾಗ ಬೆನ್ನು ಸೀಟಿಗೆ ಪೂರ್ತಿ ಒತ್ತಿ ಕೂತುಕೊಳ್ಳಿ. ಫೋನು, ಚಪ್ಪಲಿ, ಕನ್ನಡಕ ಕೆಳಗೇ ಬಿಡಿ. ಮೇಲಿಂದ ಬಿದ್ದ ಫೋನು ಕೆಳಗಿದ್ದವರ ತಲೆಗೆ ಕಲ್ಲೇ. ಹಾರ್ನೆಸ್ ಎಳೆದುಕೊಂಡ ಮೇಲೆ ನೀವೇ ಒಂದು ಸಲ ಮೇಲಕ್ಕೆ ತಳ್ಳಿ ನೋಡಿ. ಆಪರೇಟರ್ ಬಂದು ತಾನೂ ಎಳೆದು ನೋಡಬೇಕು, ದೂರದಿಂದಲೇ ಕಣ್ಣಾಡಿಸಿ ಹೋದರೆ ಕರೆಯಿರಿ. ಬೆಲ್ಟ್ ಇದ್ದರೆ ಅದು ಹಾರ್ನೆಸ್‌ಗೆ ಸಿಕ್ಕಿದೆಯೇ ನೋಡಿ. ಎದೆಗೂ ಹಾರ್ನೆಸ್ಸಿಗೂ ನಡುವೆ ಏನೋ ಸಂದು ಜಾಸ್ತಿ ಅನ್ನಿಸಿತೋ, ದೀಪ ಯಾವ ಬಣ್ಣದಲ್ಲಾದರೂ ಉರಿಯುತ್ತಿರಲಿ, ಕೈ ಎತ್ತಿ ಜೋರಾಗಿ 'ನಿಲ್ಸಿ' ಅನ್ನಿ. ಪಕ್ಕದವರು ನಗಬಹುದು. ಬಂಡಿ ನೆಲ ಬಿಡುವುದಕ್ಕೆ ಮುಂಚೆ ಒಂದು ಬಟನ್ ಒತ್ತಿದರೆ ಎಲ್ಲ ನಿಲ್ಲುತ್ತದೆ. ನಿಮ್ಮನ್ನು ಇಳಿಸಿ, ಇನ್ನೊಂದು ಸೀಟಿನಲ್ಲಿ ಕೂರಿಸುವುದಕ್ಕೆ ನಮಗೆ ಎರಡು ನಿಮಿಷ ಸಾಕು.