ಜಿನ್ ಬಾಟಲಿಗೆ ಯಾವ ಕೋಡ್? 2208ರ ಸುತ್ತ ಒಂದಿಷ್ಟು ಟಿಪ್ಪಣಿ

ಕಸ್ಟಮ್ಸ್ ಬ್ರೋಕರ್ (ಆಮದು-ರಫ್ತುದಾರರ ಪರವಾಗಿ ಕಸ್ಟಮ್ಸ್ ಕೆಲಸ ನೋಡಿಕೊಳ್ಳುವವರು) ಪರೀಕ್ಷೆಗೆ ಓದುತ್ತಿರುವ ನಾವು ನಾಲ್ಕು ಜನ ಭಾನುವಾರ ಭಾನುವಾರ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಒಬ್ಬರ ಮಹಡಿ ಮನೆಯಲ್ಲಿ ಸೇರುತ್ತೇವೆ. ಕಳೆದ ವಾರ ಸುಂಕಪಟ್ಟಿಯ, ಅಂದರೆ ಆಮದು-ರಫ್ತಿನ ಪ್ರತಿ ಸರಕಿಗೂ ಒಂದು ಕೋಡ್ ಸಂಖ್ಯೆ ಕೊಟ್ಟು ಸುಂಕ ಗೊತ್ತುಮಾಡುವ ಪುಸ್ತಕದ, 22ನೇ ಅಧ್ಯಾಯದ (ಪಾನೀಯ, ಮದ್ಯ) ಸರದಿ. ಮಧ್ಯದಲ್ಲಿ ಮಂಡಕ್ಕಿ ಮಿರ್ಚಿ ಬಂತು. ಎಣ್ಣೆಯ ಕಲೆ ಬಿದ್ದದ್ದು ಸರಿಯಾಗಿ 2208ರ ಸಾಲಿನ ಮೇಲೆ. ಈಗ ಪುಸ್ತಕ ತೆಗೆದರೆ ಆ ಪುಟವೇ ತೆರೆದುಕೊಳ್ಳುತ್ತದೆ. ಅಲ್ಲಿ ಕಲಿತದ್ದನ್ನು, ಬರಲಾಗದವರಿಗಾಗಿ ಬರೆದಿಟ್ಟಿದ್ದೇನೆ.

ಮೊದಲು ಅಧ್ಯಾಯದ ನಕ್ಷೆ ತಲೆಯಲ್ಲಿರಲಿ. ಬಿಯರ್ 2203, ದ್ರಾಕ್ಷಿಯ ವೈನ್ 2204, ಗಿಡಮೂಲಿಕೆಯ ಪರಿಮಳ ಬೆರೆತ ವೈನ್ ಆದ ವರ್ಮೂತ್ 2205, ಸೈಡರ್‌ನಂಥ ಇತರ ಹುದುಗು ಪಾನೀಯ 2206. ಬಟ್ಟಿ ಇಳಿಸಿದ್ದು 2207 ಮತ್ತು 2208ಕ್ಕೆ ಬರುತ್ತದೆ. 2208ರ ಒಳಗೆ ಮುಂದಿನ ಎರಡಂಕಿ ಹೀಗೆ: ದ್ರಾಕ್ಷಿಯ ಬ್ರಾಂದಿ 20, ವಿಸ್ಕಿ 30, ರಮ್ 40, ಜಿನ್ 50, ವೋಡ್ಕಾ 60, ಲಿಕ್ಯೂರ್ (ಸಿಹಿ ಮದ್ಯ) 70, ಉಳಿದದ್ದೆಲ್ಲ 90. ಇಷ್ಟನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಬಿಡಿ, ಬೇರೆ ದಾರಿ ಇಲ್ಲ.

ಪಟ್ಟಿಯಲ್ಲಿ 2208 50ರ ಎದುರು ‘ಜಿನ್ ಮತ್ತು ಜಿನೀವಾ’ ಎಂದಿದೆ. ಸ್ವಿಟ್ಜರ್ಲೆಂಡಿನ ಊರಿಗೂ ಇದಕ್ಕೂ ಸಂಬಂಧವಿಲ್ಲ. ಡಚ್ಚರ ‘ಯೆನೇವರ್’ ಎಂಬ ಮದ್ಯದ ಹೆಸರು ಇಂಗ್ಲಿಷರ ಬಾಯಲ್ಲಿ ಹೀಗಾಯಿತು. ಜಿನ್‌ಗೆ ಪರಿಮಳ ಕೊಡುವ ಜುನಿಪರ್ ಗಿಡದ ಹೆಸರೇ ಅದರ ಮೂಲ. ನಾನಂತೂ ಎರಡು ವಾರ ಇದನ್ನು ಊರಿನ ಹೆಸರೆಂದೇ ನಂಬಿದ್ದೆ.

ಕೋಡ್ ಹುಡುಕುವಾಗ ನಾನು ಮೊದಲು ನೋಡುವುದು ಮದ್ಯಸಾರದ ಪ್ರಮಾಣ. ಏನೂ ಬೆರೆಸದ ಮದ್ಯಸಾರ 80% ಅಥವಾ ಅದಕ್ಕಿಂತ ಹೆಚ್ಚಿದ್ದರೆ 2207 10. ಜಿನ್ ತಯಾರಕರು ಕೊಳ್ಳುವ, ವಾಸನೆ-ರುಚಿ ತೆಗೆದ ಸುಮಾರು 96%ರ ಶುದ್ಧ ಮದ್ಯಸಾರ, ಅಂದರೆ ಇಎನ್‌ಎ ಇಲ್ಲಿಗೆ ಬರುತ್ತದೆ. ಕುಡಿಯಲಾಗದಂತೆ ಡಿನೇಚರ್ ಮಾಡಿದ್ದಾದರೆ ಪ್ರಮಾಣ ಎಷ್ಟೇ ಇರಲಿ, 2207 20. ನಮ್ಮ ಜಿಲ್ಲೆಯ ಮೆಕ್ಕೆಜೋಳದಿಂದ ತೆಗೆದ ಎಥೆನಾಲ್ ಡಿನೇಚರ್ ಆಗಿ ಪೆಟ್ರೋಲಿಗೆ ಹೊರಟಾಗ ಅದರ ಮನೆ ಇದೇ. ಅದೇ ಜೋಳದ ಸ್ಪಿರಿಟ್ಟು ನೀರು ಬೆರೆತು, ಜುನಿಪರ್ ವಾಸನೆ ಹಿಡಿದು, 42.8%ಕ್ಕೆ ಇಳಿದು ಬಾಟಲಿಗೆ ಬಂದರೆ 2208 50.

ಪ್ರಮಾಣ ಅಳೆಯುವುದು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂದು ಅಧ್ಯಾಯದ 2ನೇ ಟಿಪ್ಪಣಿ ಹೇಳುತ್ತದೆ. ಓದುವಾಗ ಇದು ಚಿಲ್ಲರೆ ವಿಷಯ ಅನ್ನಿಸುತ್ತದೆ. ಆದರೆ ಏಪ್ರಿಲ್‌ನ ನಮ್ಮೂರ ಬಿಸಿಲನ್ನು ನೆನಪಿಸಿಕೊಳ್ಳಿ. ಕಾದ ಮದ್ಯ ಹಿಗ್ಗಿ ಸಾಂದ್ರತೆ ಕಳೆದುಕೊಳ್ಳುತ್ತದೆ, ಹೈಡ್ರೋಮೀಟರ್ ಇನ್ನಷ್ಟು ಮುಳುಗುತ್ತದೆ, ಇರುವುದಕ್ಕಿಂತ ಹೆಚ್ಚು ಪ್ರಮಾಣ ತೋರಿಸುತ್ತದೆ. 79ರ ಸರಕು 80 ದಾಟಿದಂತೆ ಕಂಡರೆ ಶೀರ್ಷಿಕೆಯೇ (ನಾಲ್ಕಂಕಿಯ ಕೋಡ್) ಬದಲಾಗಿಬಿಡುತ್ತದೆ!

ನಮ್ಮಲ್ಲಿ ಜಗಳವಾದದ್ದು ಮುಂದಿನ ಪ್ರಶ್ನೆಗೆ. 2208 40ರ ಸಾಲು ಬರೀ ‘ರಮ್’ ಎಂದು ಹೇಳಿ ನಿಲ್ಲುವುದಿಲ್ಲ. ಕಬ್ಬಿನ ಉತ್ಪನ್ನ ಹುದುಗಿಸಿ ಬಟ್ಟಿ ಇಳಿಸಿದ ಇತರ ಸ್ಪಿರಿಟ್ಟುಗಳನ್ನೂ ಸೇರಿಸಿಕೊಳ್ಳುತ್ತದೆ. ‘ಹಂಗಾರೆ ಕಾಕಂಬಿಯಿಂದ ತೆಗೆದ ಇಎನ್‌ಎಯಲ್ಲಿ ಮಾಡಿದ ಜಿನ್ನೂ 40ಕ್ಕೇ ಹೋಗ್ಬೇಕಲ್ಲ?’ ಅಂದ ಗೆಳೆಯ. ಒಂದು ಗಂಟೆ ಹಿಡಿಯಿತು. ಕೊನೆಗೆ ನಾವು ಒಪ್ಪಿಕೊಂಡ ತರ್ಕ ಇದು: ರಮ್‌ನ ಗುರುತು ಕಬ್ಬಿನಿಂದ ಬಂದ ಪರಿಮಳದಲ್ಲಿದೆ. ಇಎನ್‌ಎಯಲ್ಲಿ ಆ ಪರಿಮಳವನ್ನು ಬೇಕೆಂದೇ ತೊಳೆದು ತೆಗೆದಿರುತ್ತಾರೆ. ಉಳಿದ ಖಾಲಿ ಸ್ಪಿರಿಟ್ಟಿಗೆ ಗುರುತು ಕೊಡುವುದು ಜುನಿಪರ್. ವಿಶ್ವ ಕಸ್ಟಮ್ಸ್ ಸಂಸ್ಥೆಯ ವಿವರಣಾ ಟಿಪ್ಪಣಿಗಳೂ ಜಿನ್ ಅಂದರೆ ಜುನಿಪರ್ ಕಾಯಿಯ ಪರಿಮಳ ತತ್ತ್ವವಿರುವ ಮದ್ಯ ಎಂದೇ ಹೇಳುತ್ತವೆ. ಕಚ್ಚಾವಸ್ತು ಜೋಳವೋ ಕಬ್ಬೋ ಎಂಬ ಪ್ರಶ್ನೆ ಅಲ್ಲಿ ಬರುವುದಿಲ್ಲ. ವಿಸ್ಕಿಯ ಕಥೆ ಬೇರೆ. ಯುರೋಪಿನ ನಿಯಮದಲ್ಲಿ ಧಾನ್ಯದಿಂದ ಬಾರದ್ದನ್ನು ವಿಸ್ಕಿ ಎಂದು ಮಾರುವಂತಿಲ್ಲ. ರಫ್ತು ಮಾಡುವವರು ಇದನ್ನು ಮರೆತರೆ ಸರಕು ಅಲ್ಲಿನ ಬಂದರಿನಲ್ಲೇ ಕೂರುತ್ತದೆ.

ಸಿಹಿ ಸೇರಿದರೆ ಜಾಗ ಬದಲು. ‘ಸ್ಲೋ ಜಿನ್’ ಹೆಸರಿನಲ್ಲಿ ಜಿನ್ ಇದ್ದರೂ ಅದು ಸ್ಲೋ ಎಂಬ ಹಣ್ಣು, ಸಕ್ಕರೆ ಬೆರೆತ ಲಿಕ್ಯೂರ್, 2208 70. ಜಿನ್‌ಗೆ ಟಾನಿಕ್ ವಾಟರ್ ಬೆರೆಸಿ ಕ್ಯಾನಿನಲ್ಲಿ ತುಂಬಿದ್ದು 2208 90. ಮದ್ಯಸಾರ 0.5% ಮೀರದ ‘ಜಿನ್’ 2202ಕ್ಕೆ ಬೀಳುತ್ತದೆ, ತಂಪು ಪಾನೀಯಗಳ ಪಕ್ಕಕ್ಕೆ. ಹಾಗಾಗಿ ನಾನು ಲೇಬಲ್ಲಿನ ಮುಂಭಾಗ ಓದುವುದನ್ನೇ ಬಿಟ್ಟಿದ್ದೇನೆ. ಬಾಟಲಿಯ ಹಿಂದಿನ ಸಣ್ಣಕ್ಷರ, ಪ್ರಯೋಗಾಲಯದ ವರದಿ, ಇವೆರಡನ್ನೇ ನಂಬುತ್ತೇನೆ.

ಮೊದಲ ಆರು ಅಂಕಿ ಎಲ್ಲ ದೇಶಕ್ಕೂ ಒಂದೇ. ಈ ಏಕರೂಪ ಪದ್ಧತಿ ಜಾರಿಗೆ ಬಂದದ್ದು 1988ರ ಜನವರಿ 1ರಿಂದ. ನಮ್ಮಲ್ಲಿ ಎಂಟು ಅಂಕಿ, ಜಿನ್‌ಗೆ ಆರರ ನಂತರದ ವಿಭಜನೆಯಲ್ಲಿ ಪಾತ್ರೆ 2 ಲೀಟರಿನ ಒಳಗೋ ಹೊರಗೋ ಎಂದು ನೋಡುತ್ತಾರೆ. ಯುರೋಪಿನಲ್ಲಿ 2 ಲೀಟರಿನೊಳಗಿನ ಜಿನ್‌ಗೆ 2208 50 11. ಆದರೂ ಅಲ್ಲಿನ ಕೊಳ್ಳುವವರು ಕಳಿಸಿದ ಎಂಟಂಕಿಯನ್ನು ನಮ್ಮ ಶಿಪ್ಪಿಂಗ್ ಬಿಲ್ಲಿಗೆ (ರಫ್ತಿನ ಘೋಷಣಾ ಪತ್ರಕ್ಕೆ) ಹಾಗೇ ಇಳಿಸಬೇಡಿ, ಆರಕ್ಕೆ ನಿಂತು ಉಳಿದದ್ದನ್ನು ನಮ್ಮ ಪುಸ್ತಕದಲ್ಲೇ ನೋಡಿ.

ಇನ್ನು ದುಡ್ಡಿನ ಮಾತು. 2021ರ ಬಜೆಟ್‌ನಿಂದ ಇಂಥ ಮದ್ಯಕ್ಕೆ ಮೂಲ ಸೀಮಾಸುಂಕ 50%, ಕೃಷಿ ಮೂಲಸೌಕರ್ಯ ಸೆಸ್ 100%. ಮುಂಚಿನ 150% ಅನ್ನೇ ಎರಡು ಹೋಳು ಮಾಡಿದ್ದು. ಸಾವಿರ ರೂಪಾಯಿಯ ಬಾಟಲಿಗೆ 500, ಮೇಲೆ 1000, ಒಟ್ಟು 2500. ಕುಡಿಯುವ ಮದ್ಯ ಜಿಎಸ್‌ಟಿಯ ಹೊರಗಿದೆ, ಅದರ ಬದಲು ರಾಜ್ಯದ ಅಬಕಾರಿ ಕಾದು ಕುಳಿತಿರುತ್ತದೆ. 2025ರ ಜುಲೈನಲ್ಲಿ ಸಹಿಯಾದ ಭಾರತ–ಬ್ರಿಟನ್ ಒಪ್ಪಂದದ ಪ್ರಕಾರ ಅಲ್ಲಿನ ವಿಸ್ಕಿ, ಜಿನ್‌ಗಳ ಸುಂಕ 75%ಕ್ಕೆ, ಹತ್ತನೇ ವರ್ಷಕ್ಕೆ 40%ಕ್ಕೆ ಇಳಿಯಬೇಕು. ಅಂದರೆ ಬಾಟಲಿಯಲ್ಲಿರುವುದು ಜಿನ್ನೋ ಲಿಕ್ಯೂರೋ ಎಂಬ ಚರ್ಚೆಗೆ ಇನ್ನು ಲಕ್ಷಗಟ್ಟಲೆ ಬೆಲೆ ಬರಬಹುದು. ಕಸ್ಟಮ್ಸ್ ಕಾಯ್ದೆಯ 17ನೇ ಕಲಮಿನಂತೆ ಸುಂಕವನ್ನು ಮೊದಲು ಲೆಕ್ಕ ಹಾಕಿ ಹೇಳಬೇಕಾದವರು ಆಮದುದಾರರೇ. ಅನುಮಾನವಿದ್ದರೆ ಸರಕು ಬರುವ ಮುಂಚೆ ಮುಂಗಡ ತೀರ್ಪು ಕೇಳಬಹುದು.

ಅವತ್ತು ಸಂಜೆ ಮನೆಗೆ ಬಂದು ಜುನಿಪರ್ ಕಾಯಿಯ ಕೋಡ್ ಹುಡುಕಿದೆ. 0909. ಅದೇ ಶೀರ್ಷಿಕೆಯಲ್ಲಿ ಸೋಂಪು, ಜೀರಿಗೆ, ಹವೀಜ (ಕೊತ್ತಂಬರಿ ಬೀಜ). ಅಮ್ಮನ ಸಾರಿನಪುಡಿ ಡಬ್ಬಿಯ ಅರ್ಧ ಸಾಮಾನು ಅಲ್ಲೇ ಕುಳಿತಿತ್ತು. ಜಿನ್ ಮಾಡುವವರೂ ಜುನಿಪರ್ ಜೊತೆ ಹವೀಜ ಹಾಕುತ್ತಾರೆ ಎಂದೆ. ಅಮ್ಮ ಡಬ್ಬಿಯ ಮುಚ್ಚಳ ಒತ್ತಿ, ‘ಅದಕ್ಕೇ ಹವೀಜ ಇಷ್ಟು ತುಟ್ಟಿ ಆಗಿರೋದು’ ಅಂದರು.

ಮುಂದಿನ ಭಾನುವಾರಕ್ಕೆ ಒಂದು ಪ್ರಶ್ನೆ: ಒಂದೇ ಉಡುಗೊರೆ ಪೆಟ್ಟಿಗೆಯಲ್ಲಿ ಒಂದು ಬಾಟಲಿ ಜಿನ್, ಒಂದು ಬಾಟಲಿ ದ್ರಾಕ್ಷಿ ವೈನ್. ಒಂದೇ ಕೋಡೋ, ಎರಡೋ? ಸುಳಿವು ಸರಕಿನ ಕೋಡ್ ಗೊತ್ತುಮಾಡುವ ಸಾಮಾನ್ಯ ನಿಯಮಗಳಲ್ಲಿನ 3(ಬಿ) ನಿಯಮದ ವಿವರಣಾ ಟಿಪ್ಪಣಿಯಲ್ಲಿದೆ. ಅವಸರದವರಿಗೆ ಉತ್ತರ: ಅದನ್ನು ಸೆಟ್ ಎಂದು ಒಪ್ಪುವುದಿಲ್ಲ, ಜಿನ್ 2208ಕ್ಕೆ, ವೈನ್ 2204ಕ್ಕೆ, ಬೇರೆ ಬೇರೆ.