ಮಾತ್ರೆ ನೆನಪಿಸುವ ದನಿಗೆ ಏಕಾದಶಿ ಗೊತ್ತಿಲ್ಲ

ಶುಗರ್ ಇರುವವರ ಮನೆಯಲ್ಲಿ ಅಲೆಕ್ಸಾ ಅಥವಾ ಗೂಗಲ್ ಅಸಿಸ್ಟೆಂಟ್ ಚೆನ್ನಾಗಿ ಮಾಡುವ ಕೆಲಸ ಒಂದೇ: ಹೊತ್ತು ನೆನಪಿಸುವುದು. ಡೋಸು, ಅಂಕಿ, ಸಲಹೆ ಎಂದು ಮುಂದುವರಿದಷ್ಟೂ ಅದನ್ನು ನಂಬುವುದು ಕಷ್ಟ. ಫೋನಿನ ಗೂಗಲ್‌ಗೆ ಕನ್ನಡ ಬರುತ್ತದೆ. ಅಲೆಕ್ಸಾ ಬಳಿ ಹಿಂದಿ ಇಲ್ಲವೇ ಇಂಗ್ಲಿಷ್‌ನಲ್ಲೇ ಮಾತಾಡಬೇಕು.

ಊಟದ ನಂತರದ ಪರೀಕ್ಷೆಯನ್ನೇ ನೋಡಿ. ಎರಡು ಗಂಟೆಯ ಲೆಕ್ಕ ಶುರುವಾಗುವುದು ಮೊದಲ ತುತ್ತಿನಿಂದ, ಕೈ ತೊಳೆದ ಮೇಲಲ್ಲ. ಹಾಗಾಗಿ ಗಂಜಿ ಬಡಿಸಿದಾಗಲೇ ಟೈಮರ್ ಇಡಲು ಹೇಳಿ. "ಎರಡು ಗಂಟೆಗೆ" ಎಂದರೆ ಅದು ಮಧ್ಯಾಹ್ನ ಎರಡಕ್ಕೆ ಅಲಾರಂ ಇಟ್ಟೀತು. "ನೂರ ಇಪ್ಪತ್ತು ನಿಮಿಷ" ಅನ್ನಿ. ಟೈಮರ್ ಬಡಿದ ಮೇಲೆ ಸೋಪಿನಿಂದ ಕೈ ತೊಳೆದು, ಪೂರ್ತಿ ಒರೆಸಿಕೊಂಡು ಬೆರಳು ಚುಚ್ಚಿ. ಬಾಳೆಹಣ್ಣು ಸುಲಿದ ಬೆರಳಲ್ಲಿ ಉಳಿದ ಅಂಟೇ ಗ್ಲುಕೋಮೀಟರಿನ ಅಂಕಿಯನ್ನು ಸುಳ್ಳೇ ಏರಿಸಬಲ್ಲದು.

ಆ ಅಂಕಿಯನ್ನು ಬಾಯಲ್ಲಿ ಹೇಳಿ ಬರೆಸುವಾಗ ಹುಷಾರು. ಇಪ್ಪತ್ತು, ಎಪ್ಪತ್ತು ಎರಡರ ನಡುವೆ ಇರುವುದು ಒಂದೇ ಸ್ವರದ ವ್ಯತ್ಯಾಸ. ತಗಡಿನ ಮಾಡಿನ ಮೇಲೆ ಮಳೆ ಹುಯ್ಯುವಾಗ 170 ಹೋಗಿ 120 ಆದರೆ, ಡಾಕ್ಟರಿಗೆ ತೋರಿಸುವ ಪಟ್ಟಿಯೇ ಸುಳ್ಳು. "ಒಂದು, ಏಳು, ಸೊನ್ನೆ" ಎಂದು ಬಿಡಿಸಿ ಹೇಳಿ, ಪರದೆಯಲ್ಲಿ ಏನು ಬಿತ್ತೆಂದು ನೋಡಿ. ಇನ್ಸುಲಿನ್ ಡೋಸನ್ನಂತೂ ಎಂದಿಗೂ ಇದರ ಬಳಿ ಕೇಳಬೇಡಿ.

ಇನ್ನೊಂದು ತೊಡಕು ಉಡುಪಿಯ ಕಡೆಯವರಿಗೆ ತಿಂಗಳಿಗೆ ಎರಡು ಸಲ, ಏಕಾದಶಿ ಉಪವಾಸದ ದಿನ ಬರುತ್ತದೆ. ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ, ಹೊಟ್ಟೆಗೆ ಅನ್ನ ಬೀಳಲಿ ಬೀಳದಿರಲಿ, ಇನ್ಸುಲಿನ್ ಹೊರಡಿಸುತ್ತದೆ. ಏಕಾದಶಿ ಬೆಳಿಗ್ಗೆಯೂ ಯಂತ್ರ ತಪ್ಪದೆ "ಮಾತ್ರೆ ಹೊತ್ತಾಯಿತು" ಅನ್ನುತ್ತದೆ, ಉಪವಾಸದವರು ಅಭ್ಯಾಸಬಲದಿಂದ ನುಂಗುತ್ತಾರೆ, ಸ್ವಲ್ಪ ಹೊತ್ತಿಗೆ ಶುಗರ್ ಇಳಿದು ಬೆವರು, ನಡುಕ. ನೆನಪಿಸುವ ಮಾತನ್ನೇ "ತಿಂಡಿ ಎದುರಿಗಿದ್ದರೆ ಮಾತ್ರೆ" ಎಂದು ಬದಲಿಸಿ. ಉಪವಾಸದ ದಿನದ ಡೋಸನ್ನು ಡಾಕ್ಟರ ಬಳಿ ಮೊದಲೇ ಕೇಳಿಟ್ಟುಕೊಳ್ಳಿ.

ಶುಗರ್ 70ಕ್ಕಿಂತ ಇಳಿದರೆ 15 ಗ್ರಾಂ ಗ್ಲೂಕೋಸ್ ಪುಡಿ, ಅಂದರೆ ಸುಮಾರು ಮೂರು ಟೀ ಚಮಚ, ನೀರಿಗೆ ಕಲಸಿ ಕುಡಿದು "ಹದಿನೈದು ನಿಮಿಷದ ಟೈಮರ್" ಅನ್ನಿ. ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಅಷ್ಟೇ. ವೋಗ್ಲಿಬೋಸ್ ಎಂಬ ಶುಗರ್ ಮಾತ್ರೆ ನುಂಗುವವರಿಗೆ ಅಡುಗೆಮನೆಯ ಸಕ್ಕರೆ ಸಾಲದು: ಅದನ್ನು ಒಡೆಯುವ ಕಿಣ್ವವನ್ನೇ ಆ ಮಾತ್ರೆ ತಡೆಯುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ.

ಖಾಲಿಹೊಟ್ಟೆಯ ಅಂಕಿ 100ರಿಂದ 125ರ ನಡುವೆ ಇರುವವರು ಇನ್ನೂ ಮಧುಮೇಹದ ಅಂಚಿನಲ್ಲಿದ್ದಾರೆ. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಇಂಥ ಅಂಚಿನವರಿಗೆ ಶೇ. 7ರಷ್ಟು ತೂಕ ಇಳಿಸುವ, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವ ಗುರಿ ಕೊಟ್ಟಾಗ ಮಧುಮೇಹ ಬರುವ ಸಾಧ್ಯತೆ ಶೇ. 58ರಷ್ಟು ತಗ್ಗಿತು. ಮಂಗಳೂರಿನ ಕದ್ರಿ ಪಾರ್ಕಿನ ಸಂಜೆ ನಡಿಗೆಯನ್ನು ಜೂನ್ ಮಳೆ ನಿಲ್ಲಿಸಿದಾಗ, ಮೂರು ಊಟಗಳ ನಂತರ ಹತ್ತು ಹತ್ತು ನಿಮಿಷ ಜಗಲಿಯಲ್ಲೇ ನಡೆಯುವಂತೆ ನೆನಪಿಸಲು ಹೇಳಿ. ವಾರಕ್ಕೆ ಐದು ದಿನ ಸಾಕು.

ಅಲೆಕ್ಸಾ, ಗೂಗಲ್ ಮಾತಾಡುವ ಬಹುತೇಕ ಸ್ಪೀಕರುಗಳಲ್ಲಿ ಬ್ಯಾಟರಿ ಇರುವುದಿಲ್ಲ. ಸಿಡಿಲಿಗೆ ಹೆದರಿ ಪ್ಲಗ್ಗು ಕಿತ್ತಿಡುವುದು ನಮ್ಮ ಕಡೆ ಮಾಮೂಲಿ. ಹಾಗಾಗಿ ಮಳೆಗಾಲದಲ್ಲಿ ಮಾತ್ರೆಯ ಹೊತ್ತಿಗೆ ಫೋನಿನಲ್ಲೂ ಒಂದು ಅಲಾರಂ ಇರಲಿ, ಅದಕ್ಕೆ ಇಂಟರ್ನೆಟ್ ಬೇಡ.