ಓದುಗರ ಪ್ರಶ್ನೆ: ದಾವಣಗೆರೆಯಲ್ಲಿ ಸೈಕಲ್ಲಿಗೆ ಅಗಲ ರಸ್ತೆಯೋ, ಒಳದಾರಿಯೋ?

ಪ್ರಶ್ನೆ: ಮನೆ ವಿದ್ಯಾನಗರದಲ್ಲಿ, ಕೆಲಸ ಮಂಡಿಪೇಟೆಯಲ್ಲಿ. ದಿನಾ ಸೈಕಲ್ಲಿನಲ್ಲೇ ಓಡಾಡಬೇಕು ಅಂತಿದ್ದೇನೆ. ಹದಡಿ ರಸ್ತೆ, ಪಿ.ಬಿ. ರಸ್ತೆ ಅಗಲವಾಗಿವೆ, ಅಲ್ಲೇ ಎಡಕ್ಕೆ ಅಂಟಿಕೊಂಡು ಹೋದರೆ ಏನೂ ಆಗುವುದಿಲ್ಲ, ಗಲ್ಲಿಗಳೇ ಅಪಾಯ ಅಂತ ಎಲ್ಲರೂ ಹೇಳುತ್ತಾರೆ. ಹೌದಾ?

ಉತ್ತರ: ಅಲ್ಲ. ಬಡಾವಣೆಯ ಹೆಸರು ಬದಲಾಗುತ್ತದೆ ಅಷ್ಟೇ, ಪ್ರಶ್ನೆ ಇದೇ. ನಿಟುವಳ್ಳಿಯವರೂ ಇದನ್ನೇ ಕೇಳುತ್ತಾರೆ, ಆವರಗೆರೆಯವರೂ ಇದನ್ನೇ ಕೇಳುತ್ತಾರೆ. ಪ್ರತಿ ಸಲ ಎರಡು ಸಾಲಿನಲ್ಲಿ ಹೇಳಿ ಮುಗಿಸಿದ್ದಕ್ಕೇ ಇರಬೇಕು, ಈ ನಂಬಿಕೆ ಇನ್ನೂ ಗಟ್ಟಿಯಾಗಿ ಕೂತಿದೆ. ಈ ಸಲ ಪೂರ್ತಿ ಬಿಡಿಸಿ ಬರೆದಿದ್ದೇನೆ.

ಅಗಲ ರಸ್ತೆಯಲ್ಲಿ ಜಾಗ ಜಾಸ್ತಿ, ಆದ್ದರಿಂದ ನಮ್ಮನ್ನು ದಾಟಿ ಹೋಗುವವರು ದೂರದಿಂದ ಹೋಗುತ್ತಾರೆ ಅನ್ನುವುದು ನಂಬಿಕೆಯ ಬೇರು. ಆ ಜಾಗ ಸೈಕಲ್ಲಿನವರಿಗೆ ಸಿಗುವುದೇ ಇಲ್ಲ. ಎಡಗಡೆ ಮೊದಲು ನಿಂತ ಕಾರುಗಳು, ಆಮೇಲೆ ಹಣ್ಣಿನ ಗಾಡಿ, ಆಮೇಲೆ ಜನ ಹತ್ತಿಸಿಕೊಳ್ಳುವ ಆಟೋ, ಅದರಾಚೆ ಬಸ್ಸು. ಉಳಿದ ಅಗಲವೆಲ್ಲ ವಾಹನಗಳ ವೇಗಕ್ಕೆ ಹೋಗುತ್ತದೆ. ರಸ್ತೆ ಅಗಲವಾದಷ್ಟೂ, ನೇರವಾದಷ್ಟೂ, ನಡುವೆ ಡಿವೈಡರ್ ಬಂದಷ್ಟೂ ಚಾಲಕರ ಕಾಲು ಆಕ್ಸಲರೇಟರ್ ಮೇಲೆ ಭಾರವಾಗುತ್ತದೆ. ಕೇಂದ್ರ ಸರ್ಕಾರದ 2018ರ ಅಧಿಸೂಚನೆಯೇ ನಗರ ಮಿತಿಯೊಳಗೆ ಕಾರಿಗೆ ಗಂಟೆಗೆ 70 ಕಿ.ಮೀ., ಬೈಕಿಗೆ 60 ಕಿ.ಮೀ. ಗರಿಷ್ಠ ವೇಗ ಕೊಟ್ಟಿತ್ತು.

ಈಗ ಲೆಕ್ಕ ನೋಡಿ. 60ರಲ್ಲಿ ಬರುವ ವಾಹನ ಒಂದು ಸೆಕೆಂಡಿಗೆ ಸುಮಾರು 16.7 ಮೀಟರ್ ಓಡುತ್ತದೆ. ಚಾಲಕ ನಿಮ್ಮನ್ನು ಕಂಡು ಬ್ರೇಕಿನ ಮೇಲೆ ಕಾಲಿಡಲು ಒಂದೂವರೆ ಸೆಕೆಂಡು ಹಿಡಿದರೆ 25 ಮೀಟರ್ ಅಲ್ಲೇ ಮುಗಿಯಿತು. ಒಣ ಡಾಂಬರಿನ ಮೇಲೆ ಒಳ್ಳೆಯ ಬ್ರೇಕು ಹಿಡಿದು ನಿಲ್ಲಲು ಇನ್ನೊಂದು 20 ಮೀಟರ್. ಒಟ್ಟು 45. ಅದೇ ವಾಹನ 30ರಲ್ಲಿ ಬಂದರೆ 12.5 ಮತ್ತು 5, ಹೆಚ್ಚೆಂದರೆ 18 ಮೀಟರಿನೊಳಗೆ ನಿಲ್ಲುತ್ತದೆ. ಬಡಿಯುವ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುವುದರಿಂದ 60ರ ಪೆಟ್ಟು 30ರ ಪೆಟ್ಟಿನ ಎರಡರಷ್ಟಲ್ಲ, ನಾಲ್ಕರಷ್ಟು. ವಿಶ್ವ ಆರೋಗ್ಯ ಸಂಸ್ಥೆ ಕೊಡುವ ಅಂಕಿ ಇನ್ನೂ ಕಠೋರವಾಗಿದೆ: ಕಾರಿನ ಮುಂಭಾಗಕ್ಕೆ ಸಿಕ್ಕ ಪಾದಚಾರಿ ಸಾಯುವ ಸಂಭವ, ವೇಗ 50ರಿಂದ 65ಕ್ಕೆ ಏರಿದರೆ ನಾಲ್ಕೂವರೆ ಪಟ್ಟಾಗುತ್ತದೆ. ಸೈಕಲ್ಲಿನವರ ಮೈಮೇಲೂ ತಗಡಿನ ಹೊದಿಕೆ ಇರುವುದಿಲ್ಲ.

ನಿಮಗೆ ದಿನಾ ಎದುರಾಗುವ ಒಂದೇ ಒಂದು ಗಳಿಗೆ ತೆಗೆದುಕೊಳ್ಳೋಣ. ಮುಂದೆ ಗುಂಡಿ ಬಂತು, ಅರ್ಧ ಮೀಟರ್ ಬಲಕ್ಕೆ ಸರಿಯಬೇಕು. ಭುಜದ ಮೇಲಿಂದ ಹಿಂದಕ್ಕೆ ನೋಡಲು ಒಂದು ಸೆಕೆಂಡು, ಕೈ ಚಾಚಿ ಸರಿಯಲು ಎರಡು ಸೆಕೆಂಡು. ನೀವು 15ರಲ್ಲಿ ಹೋಗುತ್ತಿದ್ದೀರಿ, 40 ಮೀಟರ್ ಹಿಂದೆ ಒಂದು ಬೈಕು ಬರುತ್ತಿದೆ. ಅದು 60ರಲ್ಲಿದ್ದರೆ ಸರಿಯಾಗಿ 3.2 ಸೆಕೆಂಡಿಗೆ ನಿಮ್ಮ ಬೆನ್ನಿಗಿರುತ್ತದೆ. ನೋಡಿದಾಗ ದೂರವಿದ್ದದ್ದು ಸರಿಯುವಷ್ಟರಲ್ಲಿ ಪಕ್ಕದಲ್ಲಿರುತ್ತದೆ. 30ರಲ್ಲಿದ್ದರೆ ಒಂಬತ್ತೂವರೆ ಸೆಕೆಂಡು ಸಮಯವಿದೆ, ಗುಂಡಿ ದಾಟಿ ಮತ್ತೆ ಎಡಕ್ಕೆ ಬಂದಿರುತ್ತೀರಿ. "ನೋಡೇ ತಿರುಗಿಸಿದೆ, ಎಲ್ಲಿಂದ ಬಂದನೋ ಗೊತ್ತಿಲ್ಲ" ಅನ್ನುವ ಮಾತು ದೊಡ್ಡ ರಸ್ತೆಯಲ್ಲೇ ಯಾಕೆ ಕೇಳಿಬರುತ್ತದೆ ಅನ್ನುವುದಕ್ಕೆ ಕಾರಣ ಈ ಆರು ಸೆಕೆಂಡಿನ ವ್ಯತ್ಯಾಸ.

ಹಾಗಾಗಿ ದಾರಿ ಆರಿಸುವಾಗ ರಸ್ತೆಯ ಅಗಲ ನೋಡಬೇಡಿ, ನಿಮ್ಮನ್ನು ಹಿಂದಿಕ್ಕುವ ವಾಹನಗಳ ವೇಗ ನೋಡಿ. ಎಂಸಿಸಿ ಬ್ಲಾಕು, ಪಿ.ಜೆ. ಬಡಾವಣೆಗಳ ಒಳಗಿನ ಕ್ರಾಸುಗಳಲ್ಲಿ ನೂರು ಹೆಜ್ಜೆಗೊಂದು ತಿರುವು, ಮನೆ ಮುಂದೆ ನಿಂತ ಕಾರು, ಹಂಪು. ಅಲ್ಲಿ 30 ದಾಟಿ ಓಡಿಸುವುದೇ ಕಷ್ಟ. ನಿಮಗೆ ಬೇಕಾದದ್ದು ಅದೇ.

ಗಲ್ಲಿಯಲ್ಲಿ ತೊಂದರೆಯೇ ಇಲ್ಲ ಅಂತ ಹೇಳುವುದಿಲ್ಲ. ಮೂಲೆಯ ಕಾಂಪೌಂಡು ಅಡ್ಡ ಬಂದು ಪಕ್ಕದ ಕ್ರಾಸಿನಿಂದ ನುಗ್ಗುವ ಸ್ಕೂಟರ್ ಕಾಣುವುದಿಲ್ಲ. ಪ್ರತಿ ಕ್ರಾಸಿಗೂ ಹತ್ತು ಮೀಟರ್ ಮೊದಲೇ ಬೆಲ್ಲು ಒತ್ತಿ, ಪೆಡಲ್ ತುಳಿಯುವುದು ನಿಲ್ಲಿಸಿ, ಎರಡೂ ಬ್ರೇಕಿನ ಮೇಲೆ ಬೆರಳಿಡಿ. ನಾಯಿ ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸಬೇಡಿ. ಇಳಿದು ಸೈಕಲ್ಲನ್ನು ನಡುವೆ ಅಡ್ಡ ಇಟ್ಟುಕೊಂಡು ನಾಲ್ಕು ಹೆಜ್ಜೆ ನಡೆಯಿರಿ, ಓಡದವರ ಹಿಂದೆ ಅದಕ್ಕೆ ಆಸಕ್ತಿ ಉಳಿಯುವುದಿಲ್ಲ. ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆ ಶಾಲೆ ಇರುವ ಬೀದಿ ಬಿಟ್ಟು ಪಕ್ಕದ ಕ್ರಾಸು ಹಿಡಿಯಿರಿ, ವ್ಯಾನುಗಳು ಅಲ್ಲಿ ಹಿಂದೆ ಮುಂದೆ ನೋಡದೆ ರಿವರ್ಸ್ ಹಾಕುತ್ತವೆ. ಇಷ್ಟೆಲ್ಲ ಆದರೂ ಇಲ್ಲಿ ಆಗುವ ತಪ್ಪಿಗೆ ಮೊಣಕೈ ತರಚುತ್ತದೆ. ದೊಡ್ಡ ರಸ್ತೆಯ ಅದೇ ತಪ್ಪಿಗೆ ಆಸ್ಪತ್ರೆ ಸೇರಬೇಕಾಗುತ್ತದೆ.

"ಸುತ್ತು ಜಾಸ್ತಿ, ತಡ ಆಗುತ್ತೆ" ಅನ್ನುವ ಆಕ್ಷೇಪ ಇದರ ಬೆನ್ನಿಗೇ ಬರುತ್ತದೆ. ನೇರ ದಾರಿ 4 ಕಿ.ಮೀ., ಒಳದಾರಿ 4.8 ಕಿ.ಮೀ. ಅಂತಿಟ್ಟುಕೊಳ್ಳಿ. ಗಂಟೆಗೆ 15 ಕಿ.ಮೀ. ತುಳಿಯುವವರಿಗೆ ಆ 800 ಮೀಟರಿಗೆ ಹಿಡಿಯುವುದು 3 ನಿಮಿಷ 12 ಸೆಕೆಂಡು. ದೊಡ್ಡ ರಸ್ತೆಯ ಎರಡು ಸಿಗ್ನಲ್ ಕೆಂಪಾಗಿ ಸಿಕ್ಕರೆ ಅದು ಸಮವಾಯಿತು.

ಇನ್ನು ಎಡಕ್ಕೆ ಅಂಟಿಕೊಳ್ಳುವ ವಿಚಾರ. ಎಡಗಡೆ ಹೋಗಬೇಕು ನಿಜ, ಅಂಚಿಗೆ ಅಂಟಬಾರದು. ಮರಳು, ಗಾಜು, ಚರಂಡಿ ಚಪ್ಪಡಿಯ ಸಂದು ಎಲ್ಲ ಕೊನೆಯ ಎರಡಡಿಯಲ್ಲೇ ಇರುತ್ತವೆ. ಕಬ್ಬಿಣದ ಜಾಲರಿಯ ಸರಳುಗಳು ನೀವು ಹೋಗುವ ದಿಕ್ಕಿಗೇ ಇದ್ದರೆ ಸಣ್ಣ ಟೈರು ಸಂದಿಗಿಳಿದು ಮುಂದಿನ ಚಕ್ರ ಹಿಡಿದುಕೊಳ್ಳುತ್ತದೆ. ಅಂಚಿನಿಂದ ಒಂದು ಮೀಟರ್ ಬಿಡಿ. ನಿಂತ ಕಾರಿನಿಂದ ಒಂದೂಕಾಲು ಮೀಟರ್ ಬಿಡಿ, ಯಾಕೆಂದರೆ ಬಾಗಿಲು ಪೂರ್ತಿ ತೆರೆದರೆ ಹತ್ತಿರ ಹತ್ತಿರ ಒಂದು ಮೀಟರ್ ಹೊರಗೆ ಬರುತ್ತದೆ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ಹಾರ್ನ್ ಹೊಡೆದವರು ನಿಮ್ಮನ್ನು ನೋಡಿದ್ದಾರೆ ಅಂತ ಅರ್ಥ.

ದಾರಿ ಹಾಕುವ ಕ್ರಮ ಹೇಳುತ್ತೇನೆ. ಬಹಳ ಜನ ಮನೆಯಿಂದ ಶುರು ಮಾಡುತ್ತಾರೆ. ನಮ್ಮೂರಿನಲ್ಲಿ ಅದು ಕೆಲಸ ಮಾಡುವುದಿಲ್ಲ. ರೈಲು ಹಳಿ ಊರನ್ನು ಎರಡು ಭಾಗ ಮಾಡಿದೆ, ದಾಟುವ ಜಾಗಗಳು ಬೆರಳೆಣಿಕೆಯಷ್ಟು. ಮೊದಲು ದಾಟುವ ಜಾಗ ಗೊತ್ತು ಮಾಡಿ: ಅಶೋಕ ಟಾಕೀಸ್ ಹತ್ತಿರದ್ದೋ, ಡಿಸಿಎಂ ಟೌನ್‌ಶಿಪ್ ಕಡೆಯದ್ದೋ, ಬೇರೆಯದೋ. ಅದಾದ ಮೇಲೆ ಪಿ.ಬಿ. ರಸ್ತೆಯನ್ನು ಅಡ್ಡ ದಾಟುವ ಜಾಗ. ಈ ಎರಡು ಗುರುತು ಬಿದ್ದ ಮೇಲೆ ಅವುಗಳಿಂದ ಹಿಂದಕ್ಕೆ ಮನೆವರೆಗೆ, ಮುಂದಕ್ಕೆ ಮಂಡಿಪೇಟೆವರೆಗೆ ಒಳಗಿನ ಬೀದಿಗಳನ್ನು ಜೋಡಿಸಿ.

ಪಿ.ಬಿ. ರಸ್ತೆಯನ್ನು ಸಿಗ್ನಲ್ ಇರುವ ಕಡೆ ದಾಟುವುದೇ ಸರಿ. ಸಿಗ್ನಲ್ ಇಲ್ಲದ ಕಡೆ ದಾಟಲೇಬೇಕಾದರೆ ಡಿವೈಡರ್ ಸಂದಿಯಲ್ಲಿ ನಿಂತು ಎರಡು ಕಂತಿನಲ್ಲಿ ದಾಟಿ. ನಿಂತ ಸೈಕಲ್ಲು ಹೊರಟು ಏಳು ಮೀಟರ್ ದಾಟಲು ಐದು ಸೆಕೆಂಡು ಬೇಕು. ಅಷ್ಟರಲ್ಲಿ 50ರಲ್ಲಿ ಬರುವ ವಾಹನ 70 ಮೀಟರ್ ಬಂದಿರುತ್ತದೆ. ಬೀದಿದೀಪದ ಕಂಬಗಳ ನಡುವೆ ಸಾಮಾನ್ಯವಾಗಿ 25ರಿಂದ 30 ಮೀಟರ್ ಇರುತ್ತದೆ, ಆದ್ದರಿಂದ ಮೂರನೇ ಕಂಬದ ಈಚೆಗೆ ವಾಹನ ಕಂಡರೆ ಹೊರಡಬೇಡಿ. ಬಲಕ್ಕೆ ತಿರುಗಬೇಕಾದ ದೊಡ್ಡ ಸರ್ಕಲ್ಲುಗಳಲ್ಲಿ ರಸ್ತೆ ಮಧ್ಯಕ್ಕೆ ನುಗ್ಗಬೇಡಿ. ನೇರ ದಾಟಿ, ಆಚೆ ಎಡಮೂಲೆಯಲ್ಲಿ ನಿಂತು, ಸೈಕಲ್ ತಿರುಗಿಸಿ, ಆ ಕಡೆಯ ಹಸಿರು ಬಂದಾಗ ಹೊರಡಿ. ಎರಡು ದಾರಿಗಳು ಸಮ ಅನ್ನಿಸಿದರೆ ದೊಡ್ಡ ರಸ್ತೆಯಲ್ಲಿ ಬಲ ತಿರುವು ಕಡಿಮೆ ಇರುವುದನ್ನು ಹಿಡಿಯಿರಿ. ಹೋಗುವಾಗಿನ ಎಡ ತಿರುವು ಬರುವಾಗ ಬಲವಾಗುತ್ತದೆ, ಹಾಗಾಗಿ ಬರುವ ದಾರಿ ಬೇರೆಯೇ ಆದರೂ ತಪ್ಪಿಲ್ಲ.

ರೈಲ್ವೆ ಕೆಳಸೇತುವೆಯಲ್ಲಿ ಇಳಿಯುವಾಗ ಖುಷಿಯಾಗುತ್ತದೆ, ಅಪಾಯ ಇರುವುದೂ ಅಲ್ಲೇ. ಹೊರಗಿನ ಬಿಸಿಲಿನಿಂದ ನೆರಳಿಗೆ ಬಿದ್ದ ಕಣ್ಣಿಗೆ ತಳದ ಕೆಸರು ಕಾಣುವುದಿಲ್ಲ, ವೇಗವೂ ಅಲ್ಲೇ ಹೆಚ್ಚಿರುತ್ತದೆ. ಇಳಿಜಾರಿನ ಅರ್ಧದಲ್ಲೇ ಬ್ರೇಕು ಹಿಡಿದು ಮುಗಿಸಿ, ತಳದಲ್ಲಿ ಬ್ರೇಕೂ ಬೇಡ, ತಿರುವೂ ಬೇಡ. ಏರುವಾಗ ವೇಗ ಎಂಟು ಹತ್ತಕ್ಕೆ ಇಳಿಯುತ್ತದೆ. ಗೋಡೆಗೆ ಒತ್ತಿಕೊಂಡರೆ ಹಿಂದಿನವರು ಇಲ್ಲದ ಸಂದಿಯಲ್ಲಿ ನುಗ್ಗುತ್ತಾರೆ, ಆದ್ದರಿಂದ ಲೇನಿನ ಮಧ್ಯದಲ್ಲೇ ಹತ್ತಿ. ಮಳೆ ನೀರು ನಿಂತು ತಳದ ನೆಲ ಕಾಣದಿದ್ದರೆ ಇಳಿಯಲೇಬೇಡಿ. ಅದಕ್ಕಾಗಿಯೇ ದಾಟುವ ಇನ್ನೊಂದು ಜಾಗ ಮೊದಲೇ ಗೊತ್ತಿರಬೇಕು.

ಮಂಡಿಪೇಟೆ, ಚೌಕಿಪೇಟೆ ಒಳಗೆ ಅಗಲ ಕಡಿಮೆ, ವೇಗವೂ ಕಡಿಮೆ. ಆದರೆ ಲೋಡು ಇಳಿಸುವ ಲಾರಿಗಳಿರುತ್ತವೆ. ರಿವರ್ಸ್ ಬರುವ ಲಾರಿಯ ಹಿಂದೆ ಯಾವ ಕಾರಣಕ್ಕೂ ನುಸುಳಬೇಡಿ. ಅದರ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ ಆತನಿಗೆ ನೀವೂ ಕಾಣುವುದಿಲ್ಲ. ಕೊನೆಯ ಇನ್ನೂರು ಮೀಟರ್ ಇಳಿದು ತಳ್ಳಿಕೊಂಡು ಹೋದರೆ ಒಂದೆರಡು ನಿಮಿಷಕ್ಕಿಂತ ಹೆಚ್ಚು ನಷ್ಟವಿಲ್ಲ.

ದಾರಿಯನ್ನು ಭಾನುವಾರ ಬೆಳಿಗ್ಗೆ ಪರೀಕ್ಷೆ ಮಾಡುವ ಅಭ್ಯಾಸ ಬಿಡಿ. ಭಾನುವಾರ ಎಲ್ಲ ದಾರಿಯೂ ಚೆನ್ನಾಗಿರುತ್ತದೆ. ಕೆಲಸದ ದಿನ, ನೀವು ಹೊರಡುವ ಹೊತ್ತಿಗೇ ಹೋಗಿ, ಸಂಜೆ ಬರುವ ಹೊತ್ತಿಗೇ ಬನ್ನಿ. ಸಂಜೆ ಐದೂವರೆ ಮೇಲೆ ಹರಿಹರದ ದಿಕ್ಕಿಗೆ ಹೋಗುವವರಿಗೆ ಬಿಸಿಲು ಕಣ್ಣಿಗೇ ಹೊಡೆಯುತ್ತದೆ. ನಿಮಗೆ ಹೊಡೆದರೆ ಹಿಂದಿನ ಚಾಲಕರಿಗೂ ಹೊಡೆಯುತ್ತಿರುತ್ತದೆ, ಆಗ ನೀವು ಅವರಿಗೆ ಬರೀ ಕಪ್ಪು ಗೆರೆ. ಆ ಹೊತ್ತಿನಲ್ಲಿ ಹಿಂದಿನ ಕೆಂಪು ದೀಪ ಹಗಲೇ ಹಚ್ಚಿ.

ಅಗಲ ರಸ್ತೆ ಬೇಡ ಅಂದ ಕೂಡಲೇ ಹೆದ್ದಾರಿಯ ಸರ್ವಿಸ್ ರಸ್ತೆ ಅಥವಾ ಭದ್ರಾ ನಾಲೆ ಏರಿ ಹಿಡಿಯುವವರಿದ್ದಾರೆ. ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಸರ್ವಿಸ್ ರಸ್ತೆಯಲ್ಲಿ ಬೈಕುಗಳು ಎರಡೂ ದಿಕ್ಕಿನಿಂದ ಬರುತ್ತವೆ, ಹೆದ್ದಾರಿಯಿಂದ ಇಳಿಯುವ ಲಾರಿ ಹೆದ್ದಾರಿಯ ವೇಗದಲ್ಲೇ ಇಳಿಯುತ್ತದೆ. ಸುಗ್ಗಿಯಲ್ಲಿ ಮೆಕ್ಕೆಜೋಳ ಒಣಗಿಸಲು ಡಾಂಬರಿನ ಮೇಲೇ ಹರಡುತ್ತಾರೆ. ರಾಶಿ ತೆಗೆದ ಮೇಲೂ ಉಳಿದ ಕಾಳು ಟೈರಿನಡಿ ಉರುಳುತ್ತದೆ, ತಿರುವಿನಲ್ಲಿ ಬ್ರೇಕು ಹಿಡಿದರೆ ಮುಂದಿನ ಚಕ್ರ ಜಾರಿಹೋಗುತ್ತದೆ.

ನಾಲೆ ಏರಿ ಪ್ರಶಾಂತ, ನೆರಳೂ ಉಂಟು, ಆದರೆ ಅಲ್ಲಿ ಜಾಲಿಮುಳ್ಳು. ಖಾಲಿ ಸೈಟುಗಳ ಪಕ್ಕದ ಬೀದಿಯಲ್ಲೂ ಅಷ್ಟೇ, ಬಳ್ಳಾರಿ ಜಾಲಿ ಕಡಿದು ಎಳೆದುಕೊಂಡು ಹೋದ ವಾರವಂತೂ ಆ ಬೀದಿ ಬಿಡಿ. ಪಂಕ್ಚರ್ ಹಾಕಿದ ಮರುದಿನವೇ ಮತ್ತೆ ಗಾಳಿ ಹೋಯಿತು ಅನ್ನುವವರು ಅಂಗಡಿಯವರನ್ನು ಬೈಯುತ್ತಾರೆ. ಬಹುತೇಕ ಸಲ ಮುಳ್ಳಿನ ತುದಿ ಟೈರಿನೊಳಗೇ ಮುರಿದು ಉಳಿದಿರುತ್ತದೆ. ಟ್ಯೂಬು ತೆಗೆಯುವ ಮೊದಲು ಅದು ಟೈರಿನಲ್ಲಿ ಹೇಗೆ ಕೂತಿತ್ತು ಅಂತ ಗುರುತು ಹಾಕಿ. ತೂತು ಸಿಕ್ಕ ಮೇಲೆ ಅದರ ನೇರಕ್ಕೆ ಟೈರಿನಲ್ಲಿ ಹುಡುಕಿ. ಬರಿಬೆರಳು ಆಡಿಸಬೇಡಿ, ಹತ್ತಿಬಟ್ಟೆಯ ತುಂಡನ್ನು ಒಳಗೆ ಸುತ್ತ ಎಳೆಯಿರಿ, ಎಲ್ಲಿ ನೂಲು ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ. ಹೊರಗಿನಿಂದ ಇಕ್ಕಳದಲ್ಲಿ ಕೀಳಿ. ಹೊರಗೆ ತಲೆ ಕಾಣದಿದ್ದರೆ ಒಳಗಿನಿಂದ ಸೂಜಿಯಲ್ಲಿ ಹೊರಕ್ಕೆ ತಳ್ಳಿ. ಸಲ್ಯೂಷನ್ ಹಚ್ಚಿದ ಕೂಡಲೇ ಪ್ಯಾಚು ಅಂಟಿಸಬೇಡಿ, ಮೂರರಿಂದ ಐದು ನಿಮಿಷ ಒಣಗಿ ಹೊಳಪು ಹೋಗಲಿ.

ಗಾಳಿ ಎಷ್ಟು ಅನ್ನುವುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. 26 ಇಂಚಿನ ದಪ್ಪ ಟೈರಿಗೆ 40ರಿಂದ 50 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಹೈಬ್ರಿಡ್ ಸೈಕಲ್ಲಿನ 700×35 ಅಳತೆಯ ಟೈರಿಗೆ 55ರಿಂದ 70 ಸಾಮಾನ್ಯ. ಕಡಿಮೆ ಇದ್ದರೆ ಗುಂಡಿಯಲ್ಲಿ ಟ್ಯೂಬು ರಿಮ್ಮಿಗೆ ಸಿಕ್ಕಿ ಜೋಡಿ ತೂತು ಬೀಳುತ್ತದೆ, ಅದನ್ನು ಮುಳ್ಳು ಅಂತ ತಿಳಿಯಬೇಡಿ. ಬಂಕಿನ ಗಾಳಿ ಗೇರ್ ಸೈಕಲ್ಲಿನ ವಾಲ್ವಿಗೆ ಹೊಂದುತ್ತದೆ. ಆದರೆ ಸೈಕಲ್ ಟ್ಯೂಬು ಚಿಕ್ಕದು, ಒಂದೊಂದು ಸೆಕೆಂಡು ಬಿಟ್ಟು ಬಿಟ್ಟು ಹಾಕಿಸಿ. ಹಳೇ ಮಾದರಿಯ ಕರಿ ಸೈಕಲ್ಲಿನ ವಾಲ್ವಿಗೆ ಬಂಕಿನ ಮೂತಿ ಕೂರುವುದಿಲ್ಲ, ಕೈಪಂಪೇ ಬೇಕು. ಅದರೊಳಗಿನ ರಬ್ಬರ್ ನಳಿಗೆ, ಅಂದರೆ ವಾಲ್‌ಟ್ಯೂಬು, ಬೇಸಿಗೆಯಲ್ಲಿ ಸೀಳುತ್ತದೆ. ರಾತ್ರಿ ತುಂಬಿಸಿದ ಗಾಳಿ ಬೆಳಿಗ್ಗೆ ಇಲ್ಲದಿದ್ದರೆ ಟೈರು ಬಿಚ್ಚುವ ಮೊದಲು ವಾಲ್ವಿನ ತುದಿಗೆ ಎಂಜಲು ಹಚ್ಚಿ ನೋಡಿ. ಗುಳ್ಳೆ ಎದ್ದರೆ ಒಂದಿಂಚು ವಾಲ್‌ಟ್ಯೂಬಿನಲ್ಲಿ ಕೆಲಸ ಮುಗಿಯುತ್ತದೆ.